ಉತ್ಪಾತವರ್ಣನೆಯೂ ಲೋಕಸ್ಥಿತಿಯೂ

ಕೆಲವು ತಿಂಗಳ ಹಿಂದೆ ಕಥಾಸ್ಪರ್ಧೆಯೊಂದರ ಪರೀಕ್ಷಕರಲ್ಲಿ ಒಬ್ಬನಾಗಿದ್ದಾಗ ತರುಣ ಲೇಖಕನೊಬ್ಬನ ಕಥೆ ನನ್ನ ಕೈಗೆ ಬಂದಿತು. ಅಮೆರಿಕ ದೇಶದ ಮಹಾನಗರವೊಂದಕ್ಕೆ ಸುಂಟರಗಾಳಿ ಬಡಿದು ಅಲ್ಲಿಯ ರೈಲುಬಂಡಿಗಳು ಹಾಳಾದುದೇ ಅದರ ವಸ್ತು. ಬಂಡಿಗಳು ಹಕ್ಕಿಗಳ ಹಿಂಡಿನಂತೆ ಗಗನಕ್ಕೇರುತ್ತವೆ. ನಗರವೆಲ್ಲ ಕ್ಷಣಮಾತ್ರದಲ್ಲಿ ನೆಲಸಮವಾಗುತ್ತದೆ. ನಡುವೆ ಒಂದೆಡೆ, ಹಾರಿಬಂದ ಮರದ ಹಲಗೆಯೊಂದು ಸೇತುವೆಯ ಕಬ್ಬಿಣದ ತಗಡನ್ನು ತೂರಿ ನಿಂತಿತೆಂದು ಬರೆದಿದ್ದಿತು. ಆ ವಾಕ್ಯದ ಮಗ್ಗುಲಲ್ಲಿ ನಾನು ಕೆಂಪು ಮಸಿಯಿಂದ ‘ಲೋಕವಿರೋಧ’ ಎಂದು ಬರೆದೆನು. ಮಿಕ್ಕುದೆಲ್ಲಕ್ಕೂ ಅತಿಶಯೋಕ್ತಿಯೆಂಬ ಹೆಸರಿನಲ್ಲಿ ಕ್ಷಮೆ ದೊರೆಯಿತು.

ಆಮೇಲೆ ವಿಚಾರಿಸಿ ನೋಡಲಾಗಿ, ಆ ಕಥೆಯಲ್ಲಿ ನಿಜವಾಗಿ ನಡೆದದ್ದು ಅದೊಂದೇ ಎಂದು ತಿಳಿಯಿತು. 1896ನೆಯ ಇಸವಿ ಮೇ 27ರ ಸಾಯಂಕಾಲ ಸೇಂಟ್ ಲೂಯಿಸ್ ನಗರಕ್ಕೆ ಬಡಿದ ಸುಂಟರಗಾಳಿ ಮಿಸಿಸಿಪಿ ನದಿಯನ್ನು ದಾಟಿ ಪೂರ್ವದಡದ ಈಸ್ಟ್ ಸೇಂಟ್ ಲೂಯಿಸಿನ ರೈಲು ಅಂಗಳಗಳನ್ನು ಹೊಕ್ಕಿತು. ಎರಡು ದಡಗಳಲ್ಲಿಯೂ ಸೇರಿ ಮಡಿದವರು 255 ಮಂದಿ. ನದಿಯ ಮೇಲಣ ಈಡ್ಸ್ ಸೇತುವೆಯ ಪೂರ್ವಭಾಗ ಮುರಿಯಿತು. ಅಲ್ಲಿಯೇ ದೇವದಾರು ಜಾತಿಯ ಹಲಗೆಯೊಂದು ಅಂಗುಲದ ಮೂರನೆಯ ಒಂದು ಪಾಲಿಗೆ ಸಮೀಪವಾದ ದಪ್ಪವುಳ್ಳ ಕಬ್ಬಿಣವನ್ನು ತೂರಿಕೊಂಡು ನಿಂತಿತ್ತು. ಹೀಗಾಗಿ, ನಡೆದ ಸಂಗತಿಗೆ ದೋಷವನ್ನು ಹೊರಿಸಿ, ನಡೆಯಲಾರದುದನ್ನು ಮನ್ನಿಸಿದ ಪರೀಕ್ಷಕನು ನಾನಾದೆನು. ಈ ಲೇಖನ ಹುಟ್ಟಿದುದು ಆ ನಾಚಿಕೆಯಿಂದ.

ದೇಶ, ಕಾಲ, ಕಲೆ, ಲೋಕ, ನ್ಯಾಯ, ಆಗಮ ಇವುಗಳಿಗೆ ವಿರೋಧವಾದುದನ್ನು ಭಾಮಹನು ದೋಷಗಳಲ್ಲಿ ಎಣಿಸಿದನು. ದಂಡಿಯೂ ಎಣಿಸಿದನು, ಆದರೆ ಕವಿಯ ಕೌಶಲದಿಂದ ಇಂತಹ ವಿರೋಧವೂ ಗುಣವಾಗಬಹುದೆಂದು ಬಾಗಿಲನ್ನು ತೆರೆದಿಟ್ಟನು. ಕವಿರಾಜಮಾರ್ಗಕಾರನು ತನ್ನ ಗ್ರಂಥದ ಮೊದಲನೆಯ ಪರಿಚ್ಛೇದವನ್ನು ದೋಷಾದೋಷಗಳ ನಿರ್ಣಯಕ್ಕೇ ಮೀಸಲಿಟ್ಟಿರುವನಷ್ಟೆ. ಯವನರ ಅರಿಸ್ಟಾಟಲನಾದರೋ, ನಂಬಲಾಗದ ಸಂಭವಕ್ಕಿಂತ ನಂಬಲಾಗುವ ಅಸಂಭವವೇ ಕವಿಗೆ ಲೇಸೆಂದನು. ಈ ಮಾತನ್ನು ಹಿಡಿದು ‘ಹಲಗೆಯ ಸಂಗತಿ ನಿಜವಾದರೂ ಕಥೆಯಲ್ಲಿ ನಂಬಿಕೆ ಹುಟ್ಟಿಸದು, ಆದುದರಿಂದ ನಿನ್ನ ಗುರುತು ಸರಿಯೇ’ ಎಂದು ಮಿತ್ರರೊಬ್ಬರು ನನ್ನನ್ನು ಸಮಾಧಾನಪಡಿಸಿದರು. ನನಗೆ ಸಮಾಧಾನವಾಗಲಿಲ್ಲ. ನಂಬಿಕೆ ಹುಟ್ಟದೆ ಹೋದುದು ಹಲಗೆಯ ತಪ್ಪೇ? ಅಥವಾ ಅದನ್ನು ಯಾರು, ಎಲ್ಲಿ ನಿಂತು ಕಂಡರೆಂಬುದನ್ನು ಕಥೆ ಹೇಳದೆ ಬಿಟ್ಟುದರ ತಪ್ಪೇ?

ಈ ಪ್ರಶ್ನೆಗೆ ಇನ್ನೊಂದು ನಗರದ ಸಂಗತಿ ಉತ್ತರ ಕೊಡುತ್ತದೆ. 1978ರ ಫೆಬ್ರುವರಿ 28ರ ರಾತ್ರಿ ಟೋಕಿಯೋ ನಗರದ ತೋಜಾಯಿ ಮಾರ್ಗದ ಬಂಡಿಯೊಂದು ಅರಕಾವಾ ಮತ್ತು ನಾಕಾಗಾವಾ ನದಿಗಳ ಮೇಲಣ ಸೇತುವೆಯಲ್ಲಿ ಹೋಗುತ್ತಿದ್ದಾಗ ಸುಂಟರಗಾಳಿ ಅಡ್ಡಲಾಗಿ ಬಡಿಯಿತು. ಹಿಂಬದಿಯ ಎರಡು ಗಾಡಿಗಳು ಮಗುಚಿಬಿದ್ದುವು, ಇಪ್ಪತ್ತಕ್ಕೆ ಮೇಲ್ಪಟ್ಟ ಜನರಿಗೆ ಗಾಯಗಳಾದುವು, ಪ್ರಾಣಹಾನಿಯಾಗಲಿಲ್ಲ. ಇದು ನೆಲದೊಳಗಿನ ಸುರಂಗದಲ್ಲಿ ಓಡುವ ರೈಲೆಂದು ಹೆಸರಾದುದು. ನಗರದ ಪೂರ್ವದಲ್ಲಿ ಮಾತ್ರ ಮೇಲೆದ್ದು ನದಿಯನ್ನು ದಾಟುತ್ತದೆ. ಗಾಳಿ ಅದನ್ನು ಹಿಡಿದುದು ಅಲ್ಲಿ. ಇಷ್ಟು ಹದವಾದ ವಿಪರ್ಯಾಸವನ್ನು ಕಥೆಗಾರನು ಕಲ್ಪಿಸಿದ್ದರೆ ಕೃತಕವೆಂದು ನಾವೇ ದೂರುತ್ತಿದ್ದೆವೇನೋ.

ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಚಂಡಮಾರುತವು ಒಂದು ಪ್ರಾಂತವನ್ನೇ ಆವರಿಸುವುದು. ಸುಂಟರಗಾಳಿಯ ಹಾದಿ ಕಿರಿದು. ನಮ್ಮ ಬರಹಗಾರರು ಇವೆರಡು ಮಾತುಗಳನ್ನು ಒಂದರ ಬದಲು ಒಂದನ್ನಾಗಿ ಬಳಸುವುದರಿಂದಲೇ ಅರ್ಧ ಅನರ್ಥ ಹುಟ್ಟಿದೆ. ಗಾಳಿಯ ಹಾದಿ ಕಿರಿದಾದುದರಿಂದ ಒಂದೇ ಬಂಡಿಯ ಹಿಂದಿನ ಗಾಡಿಗಳು ಉರುಳಿ ಮುಂದಿನವು ನಿಲ್ಲಬಹುದು. ಗಾಡಿಯ ಅಗಲವಾದ ಮಗ್ಗುಲಿಗೆ ಬಿದ್ದ ಪೆಟ್ಟನ್ನು ಇಕ್ಕಟ್ಟಾದ ಹಳಿಗಳು ತಡೆಯಲಾರದೆ ಅದು ಮಗುಚುತ್ತದೆಯೇ ಹೊರತು ಗರಿಯಂತೆ ಹಾರುವುದಿಲ್ಲ. ಇನ್ನೊಂದು ಅಂಶ, ಅದು ರಾತ್ರಿ. ಒಳಗಿದ್ದವರು ಆಕಾಶದಿಂದಿಳಿದ ಸೊಂಡಿಲನ್ನು ಕಾಣುವಂತಿರಲಿಲ್ಲ. ಅವರ ಪಾಲಿಗೆ ಸುಂಟರಗಾಳಿಯೆಂದರೆ ನೆಲ ಗೋಡೆಯಾದುದು, ಪಕ್ಕದವನು ಮೈಮೇಲೆ ಬಿದ್ದುದು. ಉತ್ಪಾತವನ್ನು ಹೇಳುವವನಿಗೆ ಮೊದಲು ಬೇಕಾದುದು ಈ ಕಣ್ಣು.

ಈ ಕಣ್ಣು ನಮ್ಮವರಿಗೆ ಹೊಸದಲ್ಲ. ಭಾಗವತದ ದಶಮಸ್ಕಂಧದಲ್ಲಿ ತೃಣಾವರ್ತನು ಸುಳಿಗಾಳಿಯಾಗಿ ಗೋಕುಲಕ್ಕೆ ಬರುವ ಸಂದರ್ಭವನ್ನು ನೋಡಿರಿ. ಅಸುರನೇ ಗಾಳಿಯಾಗಿ ಬರುವ ಕಥೆ ಅದು. ಲೋಕಸ್ಥಿತಿಯನ್ನು ಅಲ್ಲಿ ಯಾರೂ ಕೇಳಬೇಕಾಗಿಲ್ಲ. ಆದರೂ ಕವಿ ಗೋಕುಲದ ನೆಲವನ್ನು ಬಿಡುವುದಿಲ್ಲ. ಧೂಳು ಮುಸುಕಿ ಒಬ್ಬರಿಗೊಬ್ಬರು ಕಾಣದಾಗುತ್ತಾರೆ. ತಾಯಿ ಮಗುವನ್ನು ಇಟ್ಟ ಎಡೆಯಲ್ಲಿ ಮಗುವಿಲ್ಲ. ಆಮೇಲೆ ಆ ಗಾಳಿಯ ವೇಗ ಮುರಿಯುವುದೂ ಹೊತ್ತ ಶಿಶುವಿನ ಭಾರದಿಂದಲೇ. ವಸ್ತು ಅಲೌಕಿಕ, ಅನುಭವ ಲೌಕಿಕ.

ಜರ್ಮನ್ ಕವಿ ಫೊಂಟಾನೆ ಮಾಡಿದುದೂ ಹೆಚ್ಚು ಕಡಮೆ ಇದೇ. 1879ರ ಡಿಸೆಂಬರ್ 28ರ ರಾತ್ರಿ ಸ್ಕಾಟ್ಲೆಂಡಿನ ಟೇ ನದಿಯ ಸೇತುವೆ ಬಿರುಗಾಳಿಯಲ್ಲಿ ಕುಸಿದು, ಅದರ ಮೇಲಿದ್ದ ರೈಲುಬಂಡಿ ನೀರುಪಾಲಾಯಿತು, ಒಬ್ಬರೂ ಉಳಿಯಲಿಲ್ಲ. ಸುದ್ದಿ ತಿಳಿದ ಕೆಲವೇ ದಿನಗಳಲ್ಲಿ, 1880ರ ಜನವರಿಯಲ್ಲಿ, ಅವನ ಕಥನಕವನ ಅಚ್ಚಾಯಿತು. ‘ಮ್ಯಾಕ್‌ಬೆತ್’ ನಾಟಕದ ಮೂವರು ಮಾಟಗಾತಿಯರನ್ನು ತಂದು ಸೇತುವೆಯನ್ನು ಅವರಿಂದ ಮುರಿಸಿರುವುದರಿಂದ ಭಾಮಹನ ಪಟ್ಟಿಯಂತೆ ದೋಷ ಸಿದ್ಧ. ಆದರೆ ಕವಿ ನಮ್ಮನ್ನು ನಿಲ್ಲಿಸುವುದು ಉತ್ತರದಡದ ಸೇತುವೆ ಕಾವಲುಗಾರನ ಮನೆಯಲ್ಲಿ. ಮುದಿ ತಂದೆತಾಯಿಗಳು ಹಬ್ಬದ ದೀಪಗಳನ್ನು ಹಚ್ಚಿ, ಬಂಡಿ ನಡೆಸುವ ಮಗನಿಗಾಗಿ ಕಿಟಕಿಯಲ್ಲಿ ಕಾಯುತ್ತಿದ್ದಾರೆ. ಮಗನು, ದೋಣಿಯ ಕಾಲದಲ್ಲಿ ಹಬ್ಬದ ರಾತ್ರಿ ಈ ದೀಪಗಳು ಕಂಡರೂ ದಾಟಲಾರದೆ ಆಚೆ ದಡದಲ್ಲಿ ನಿಂತುದನ್ನು ನೆನೆಯುತ್ತಾನೆ. ಅನಂತರ ಮನೆಯವರಿಗೆ ಕಾಣುವುದು ನೀರಿಗೆ ಬೀಳುವ ಬೆಂಕಿಯ ಬೆಳಕು ಮಾತ್ರ. ಅದೇ ದುರಂತವನ್ನು ಹಾಡಿದ ಡಂಡೀ ನಗರದ ಮ್ಯಾಕ್‌ಗೊನಗಲ್ಲನು ದಿನವನ್ನು ಸರಿಯಾಗಿ ಹೇಳುತ್ತಾನೆ, ಸತ್ತವರನ್ನು ತೊಂಬತ್ತೆಂದು ಎಣಿಸುತ್ತಾನೆ, ಕೊನೆಗೆ ಸೇತುವೆಗೆ ಆಸರೆಗಳಿದ್ದರೆ ಉಳಿಯುತ್ತಿತ್ತೆಂದು ಉಪದೇಶಿಸುತ್ತಾನೆ. ಆಗಿನ ಎಣಿಕೆ ಸುಮಾರು 75 ಆಗಿದ್ದಿತೆಂಬುದು ದೊಡ್ಡ ತಪ್ಪಲ್ಲ. ಅವನ ಕವಿತೆಯೊಳಗೆ ಯಾರೂ ಕಾಯುತ್ತಿಲ್ಲ. ಆದುದರಿಂದ ಓದುವವರು ನಗುತ್ತಾರೆ.

ಮಾಟಗಾತಿಯರ ಮೇಲೆ ಒಂದು ಆಕ್ಷೇಪವನ್ನು ಮಾತ್ರ ನಾನು ಬಿಡಲಾರೆ. 1880ರಲ್ಲಿ ನಡೆದ ವಿಚಾರಣೆ ಸೇತುವೆಯ ಯೋಜನೆ, ಕಟ್ಟಣೆ, ಪಾಲನೆ ಮೂರನ್ನೂ ಕೆಟ್ಟವೆಂದು ತೀರ್ಮಾನಿಸಿತು. ಯೋಜಿಸಿದ ಬೌಚ್ ಎಂಬಾತನು ಗಾಳಿಯ ಒತ್ತಡಕ್ಕೆ ತಕ್ಕ ಲೆಕ್ಕವನ್ನೇ ಇಟ್ಟಿರಲಿಲ್ಲ. ವಿಚಾರಣೆಗೆ ಮೊದಲೇ ಬರೆದ ಫೊಂಟಾನೆಗೆ ಇದು ತಿಳಿಯುವಂತಿರಲಿಲ್ಲ. ತಿಳಿದ ಮೇಲೆ ಬರೆಯುವವನು ಹೊಣೆಯನ್ನೆಲ್ಲ ಗಾಳಿಯ ತಲೆಗೆ ಕಟ್ಟಿದರೆ ಅದು ಕಲ್ಪನೆಯಲ್ಲ, ಕಳ್ಳತನ.

ಇಂದಿನ ತರುಣರಿಗೆ ಆದರ್ಶ ಚಲಚ್ಚಿತ್ರ. 2004ರಲ್ಲಿ ಬಂದ ‘ದಿ ಡೇ ಆಫ್ಟರ್ ಟುಮಾರೊ’ ಚಿತ್ರದಲ್ಲಿ ಲಾಸ್ ಏಂಜಲೀಸ್ ನಗರವನ್ನು ಹಲವು ಸುಂಟರಗಾಳಿಗಳು ಒಮ್ಮೆಗೇ ನುಗ್ಗುನುರಿ ಮಾಡುತ್ತವೆ. ಹೆಲಿಕಾಪ್ಟರಿನಲ್ಲಿ ಕುಳಿತ ಸುದ್ದಿಗಾರರು ಅದನ್ನು ವರ್ಣಿಸುತ್ತಾರೆ. ನಮ್ಮ ಕಥೆಗಾರನ ಕಣ್ಣು ಈ ಹೆಲಿಕಾಪ್ಟರಿನದು. ಅಷ್ಟು ಮೇಲಿನಿಂದ ಮನುಷ್ಯನು ಇರುವೆ. ಇರುವೆ ಕರುಣರಸಕ್ಕೆ ಆಲಂಬನವಾಗದು. ಅದ್ಭುತವೊಂದೇ ಉಳಿಯುತ್ತದೆ, ಅದೂ ಎರಡನೆಯ ಬಂಡಿ ಹಾರುವ ಹೊತ್ತಿಗೆ ಹಳಸುತ್ತದೆ.

ಸ್ಪರ್ಧೆಯ ತೀರ್ಪು ಹೊರಬಿದ್ದಾಗಿದೆ. ಅದನ್ನು ತಿದ್ದುವ ಅಧಿಕಾರ ನನಗಿಲ್ಲ. ಲೇಖಕನಿಗೆ ಕಾಗದ ಬರೆದು ನನ್ನ ಕೆಂಪು ಗುರುತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಹಲಗೆ ಇರಲಿ, ಹಾರುವ ಬಂಡಿಗಳನ್ನೆಲ್ಲ ಇಳಿಸಿ, ಆ ಹಲಗೆಯನ್ನು ಮರುದಿನ ಬೆಳಗ್ಗೆ ಸೇತುವೆಯ ಕೂಲಿಯೊಬ್ಬನು ನೋಡಲಿ ಎಂದು ಸೂಚಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.