ಗೋಡೆಯ ಮೇಲಿನ ಪ್ರೀತಿ

ಆಸ್ಟ್ರೇಲಿಯಾದ ಕ್ಯಾತ್ ಕ್ರೌಲಿಯವರ ‘ಗ್ರಾಫಿಟಿ ಮೂನ್’ (2010) ಕಾದಂಬರಿ ಒಂದೇ ರಾತ್ರಿಯ ಕಥೆ. ಶಾಲೆ ಮುಗಿಸಿದ ಲೂಸಿ, ಊರಿನ ಗೋಡೆಗಳ ಮೇಲೆ ಕದ್ದು ಚಿತ್ರ ಬರೆಯುವ ‘ಶ್ಯಾಡೋ’ನನ್ನು ಹುಡುಕಿ ಹೊರಡುತ್ತಾಳೆ. ಜೊತೆಗೇ ನಡೆಯುತ್ತಿರುವ ಎಡ್ ಅವನೇ ಎಂದು ನಮಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಎಡ್‌ಗೆ ಅಕ್ಷರ ಒಲಿಯದು, ಶಾಲೆ ಬಿಟ್ಟವನು. ಹೇಳಬೇಕಾದದ್ದನ್ನೆಲ್ಲ ಬಣ್ಣದ ಡಬ್ಬಿಯಿಂದಲೇ ಹೇಳುತ್ತಾನೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ.

ಪುತ್ತೂರಿನಲ್ಲಿ ಕೂತು ಇದನ್ನು ಓದಿದರೆ ಪರ್ಲಡ್ಕದ ಬಾಲವನ ನೆನಪಾಗದೆ ಇರದು. ಮಕ್ಕಳು ಪಾಠಪುಸ್ತಕದಾಚೆ ಚಿತ್ರ, ಕುಣಿತ, ನಾಟಕದಲ್ಲೂ ಕಲಿಯಲಿ ಎಂದು ಶಿವರಾಮ ಕಾರಂತರು 1930ರ ದಶಕದಲ್ಲೇ ಅಲ್ಲಿ ದುಡಿದರು. ಎಡ್‌ನಂಥ ಹುಡುಗನಿಗೆ ಬೇಕಿದ್ದದ್ದು ಅಂಥದೇ ಅಂಗಳ.

ಗೋಡೆಯ ಮೇಲೆ ಬರೆಯುವ ಹುಡುಗರು ನಮ್ಮಲ್ಲೂ ಇದ್ದಾರೆ. ಸುಳ್ಯ, ಕಡಬದ ಕಡೆ ಆಟಿ ತಿಂಗಳ ಮಳೆಗೆ ಮುರಕಲ್ಲಿನ ಗೋಡೆಗಳು ಪಾಚಿ ಕಟ್ಟುತ್ತವಲ್ಲ, ಹುಡುಗರು ಅದನ್ನು ಕಡ್ಡಿಯಿಂದ ಕೆರೆದು ಒಂದು ಹೆಸರು, ಒಂದು ಹೃದಯ, ಒಂದು ಬಾಣ ಬಿಡಿಸುತ್ತಾರೆ. ಹಸಿರಿನ ನಡುವೆ ಕಲ್ಲಿನ ಕೆಂಪು ಗೆರೆ ಏಳುತ್ತದೆ. ಬೈಯುವ ಮೊದಲು ಒಂದು ಗಳಿಗೆ ನಿಂತು ನೋಡಬೇಕೆನಿಸುವ ಗೆರೆ ಅದು. ಈ ಕಾದಂಬರಿ ಆ ಹುಡುಗರ ಕೈಗೆ, ಕನ್ನಡದಲ್ಲೇ ಸಿಗಬೇಕು.