ಅಳಿಸಿದ ಟೇಪು, ಅಳಿಯದ ಭಯ

ಹಳೆಯ ಬ್ರಿಟಿಷ್ ಟೀವಿ ಎಂದಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಎರಡೇ ಹೆಸರು: ‘ಯೆಸ್ ಮಿನಿಸ್ಟರ್’, ‘ಮೈಂಡ್ ಯುವರ್ ಲ್ಯಾಂಗ್ವೇಜ್’. ಇವನ್ನು ಯಾರೂ ಮರೆತಿಲ್ಲ, ಮರೆಯಲು ಬಿಟ್ಟೂ ಇಲ್ಲ. ಈ ವಾರದ ಮಾತು ಇನ್ನೊಂದು ಜಾತಿಯ ಕಾರ್ಯಕ್ರಮಗಳದ್ದು. ‘ಚಿಕ್ಕಂದಿನಲ್ಲಿ ಏನೋ ಒಂದು ನೋಡಿದ್ದೆ, ಮುಖವೇ ಇಲ್ಲದ ಒಬ್ಬ ಮನುಷ್ಯ ಬರ್ತಿದ್ದ, ಹೆಸರು ಮಾತ್ರ ನೆನಪಿಲ್ಲ’ ಎಂದು ಅರವತ್ತರ ಆಸುಪಾಸಿನ ಇಂಗ್ಲಿಷರು ಇಂದಿಗೂ ತಡಕಾಡುತ್ತಾರಲ್ಲ, ಅಂಥವು.

ನೆನಪು ಹೀಗೆ ಅರ್ಧಂಬರ್ಧ ಆಗಿರುವುದಕ್ಕೆ ವಯಸ್ಸೊಂದೇ ಕಾರಣವಲ್ಲ. 1970ರ ದಶಕದ ಬ್ರಿಟನ್ನಿನಲ್ಲಿ ಇದ್ದದ್ದು ಮೂರು ಚಾನೆಲ್ಲು. ಬಿಬಿಸಿಯದು ಎರಡು, ಐಟಿವಿಯದು ಒಂದು. ನಟರ ಸಂಘದ ಜೊತೆಗಿನ ಒಪ್ಪಂದಗಳು ಮರುಪ್ರಸಾರಕ್ಕೆ ಮಿತಿ ಹಾಕಿದ್ದವು. ಆ ದಿನ ಸಂಜೆ ಟ್ಯೂಷನ್ನಿಗೋ ಚಿಕ್ಕಮ್ಮನ ಮನೆಗೋ ಹೋಗಿದ್ದರೆ ಆ ಕಂತು ನಿಮ್ಮ ಪಾಲಿಗೆ ಇಲ್ಲ. ಎರಡು ಅಂಗುಲ ಅಗಲದ ವಿಡಿಯೊ ಟೇಪು ದುಬಾರಿ. ಅಳಿಸಿ ಮತ್ತೆ ಬಳಸುವುದು ಲೆಕ್ಕ ನೋಡುವವರ ಕಣ್ಣಿಗೆ ಜಾಣತನವಾಗಿತ್ತು. ಹಾಗೆ ಹೋದವುಗಳನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಪೀಟರ್ ಕುಕ್, ಡಡ್ಲಿ ಮೂರ್ ಜೋಡಿಯ ‘ನಾಟ್ ಓನ್ಲಿ ಬಟ್ ಆಲ್ಸೊ’ ಹಾಸ್ಯದಲ್ಲಿ ಬಹಳಷ್ಟು ಹೋಯಿತು. 1963ರಲ್ಲಿ, ಇನ್ನೂ ಅಷ್ಟೇನೂ ಹೆಸರಾಗದ ಬಾಬ್ ಡಿಲನ್ ಬಂದು ಹಾಡಿದ್ದ ಬಿಬಿಸಿ ನಾಟಕವೊಂದು ಹೋಯಿತು. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ರಾತ್ರಿ ಬಿಬಿಸಿ ಸ್ಟುಡಿಯೊದಿಂದ ಬಿತ್ತರಿಸಿದ ಕಾರ್ಯಕ್ರಮವೂ ಹೋಯಿತು. ‘ಡಾಕ್ಟರ್ ಹೂ’ ಧಾರಾವಾಹಿ ಒಂದಿಷ್ಟು ಪುಣ್ಯ ಮಾಡಿತ್ತು. ಹೊರದೇಶಗಳಿಗೆ ಮಾರಿದ್ದ ಫಿಲಂ ಪ್ರತಿಗಳಲ್ಲಿ ಕೆಲವು ಅಲ್ಲಲ್ಲೇ ಉಳಿದು, 2013ರಲ್ಲಿ ನೈಜೀರಿಯದ ಜೋಸ್ ಊರಿನಿಂದ ಒಂಬತ್ತು ಕಂತುಗಳು ಮರಳಿ ಬಂದವು. ಸಿಗದ ಕಂತುಗಳ ಚಿತ್ರವಿಲ್ಲದಿದ್ದರೂ ಧ್ವನಿ ಇದೆ, ಏಕೆಂದರೆ ಹುಡುಗರು ಟೀವಿಯ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಕೂತಿದ್ದರು.

ಇದೇ ಬಿಬಿಸಿ 1972ರ ಕ್ರಿಸ್ಮಸ್ ರಾತ್ರಿ ‘ದಿ ಸ್ಟೋನ್ ಟೇಪ್’ ಎಂಬ ನಾಟಕ ತೋರಿಸಿತು. ಬರೆದವನು ನೈಜಲ್ ನೀಲ್. ಜಪಾನಿನವರಿಗಿಂತ ಮೊದಲು ಹೊಸದೊಂದು ರೆಕಾರ್ಡಿಂಗ್ ಮಾಧ್ಯಮ ಕಂಡುಹಿಡಿಯಬೇಕೆಂದು ಹಠ ತೊಟ್ಟ ತಂತ್ರಜ್ಞರ ತಂಡ ಹಳೆಯ ಬಂಗಲೆಯೊಂದಕ್ಕೆ ಬಂದು ಇಳಿಯುತ್ತದೆ. ಅಲ್ಲಿನ ಕೋಣೆಯೊಂದರಲ್ಲಿ, ಎಂದೋ ಸತ್ತ ಕೆಲಸದ ಹುಡುಗಿಯ ಚೀತ್ಕಾರ ಕೇಳಿಸುತ್ತದೆ. ದೆವ್ವವಲ್ಲ, ಗೋಡೆಯ ಕಲ್ಲೇ ಆ ಗಳಿಗೆಯನ್ನು ಹಿಡಿದಿಟ್ಟುಕೊಂಡಿದೆ ಎಂಬುದು ಅವರ ತರ್ಕ. ಲಾಭದ ವಾಸನೆ ಹತ್ತಿದ ಮೇಲೆ ಕೇಳಬೇಕೆ? ಯಂತ್ರ ಹೂಡಿ ಕಲ್ಲನ್ನು ಕೆಣಕಿ ಕೆಣಕಿ ಕೊನೆಗೆ ಆ ಮುದ್ರಣವನ್ನೇ ಅಳಿಸಿಬಿಡುತ್ತಾರೆ. ಅದರ ಅಡಿಯಲ್ಲಿ ಇನ್ನೂ ಹಳೆಯದೊಂದು ಇರುತ್ತದೆ; ಅದು ಆ ಹುಡುಗಿಯಷ್ಟು ಪಾಪದ್ದಲ್ಲ. ಟೇಪು ಅಳಿಸುವುದನ್ನೇ ರೂಢಿ ಮಾಡಿಕೊಂಡಿದ್ದ ಸಂಸ್ಥೆ ಈ ಕಥೆಗೆ ದುಡ್ಡು ಹಾಕಿತ್ತು! ನಾಟಕವಂತೂ ಉಳಿದಿದೆ. ನನ್ನ ಲೆಕ್ಕದಲ್ಲಿ ಟೀವಿಗಾಗಿ ಬರೆದ ಭೂತದ ಕಥೆಗಳಲ್ಲಿ ಇದನ್ನು ಮೀರಿಸಿದ್ದಿಲ್ಲ.

ಹೊಸಬರು ಆ ಕಾಲದ ಇಂಥ ಕಾರ್ಯಕ್ರಮಗಳನ್ನು ನೋಡುವಾಗ ಮೊದಲು ಮುಗ್ಗರಿಸುವುದು ಚಿತ್ರದ ರೀತಿಗೆ. ಒಳಗಿನ ದೃಶ್ಯಗಳನ್ನು ಸ್ಟುಡಿಯೊದಲ್ಲಿ ವಿಡಿಯೊ ಕ್ಯಾಮೆರಾಗಳಿಂದ ತೆಗೆದರೆ, ಹೊರಗಿನದನ್ನು 16 ಎಂಎಂ ಫಿಲಂನಲ್ಲಿ ತೆಗೆಯುತ್ತಿದ್ದರು. ನಟ ಬಾಗಿಲು ದಾಟಿದರೆ ಸಾಕು, ಚಿತ್ರದ ನುಣುಪು ಹೋಗಿ ತರಿತರಿಯಾಗುತ್ತದೆ. ಮಾಂಟಿ ಪೈಥಾನ್ ತಂಡ ಇದನ್ನೇ ಲೇವಡಿ ಮಾಡಿತ್ತು: ಹೊರಗೆ ಕಾಲಿಟ್ಟವನು ತಾನು ಫಿಲಂನಲ್ಲಿದ್ದೇನೆಂದು ಬೆಚ್ಚಿ ಒಳಗೆ ಓಡಿಬರುತ್ತಾನೆ. ಬಿಬಿಸಿ ಸ್ಟುಡಿಯೊದಲ್ಲಿ ಆಗ ರಾತ್ರಿ ಹತ್ತಾಯಿತೆಂದರೆ ದೀಪ ಬಂದ್. ಮಾತು ತೊದಲಿದರೂ, ಗೋಡೆ ಅಲ್ಲಾಡಿದರೂ ತೆಗೆದದ್ದೇ ಪ್ರಸಾರಕ್ಕೆ. ಕಂಪನಿ ನಾಟಕದಲ್ಲಿ ಅರಮನೆಯ ಪರದೆ ಗಾಳಿಗೆ ಅಲುಗಿದಾಗ ‘ಇದು ಬಟ್ಟೆ’ ಎಂದು ಎದ್ದುಹೋದವರುಂಟೆ? ಅದೇ ಕಣ್ಣು ಇಲ್ಲಿಯೂ ಬೇಕು.

ಇವುಗಳಲ್ಲಿ ನಮಗೆ ಹತ್ತಿರವಾಗಬಹುದಾದದ್ದು ‘ದಿ ಚೇಂಜಸ್’. 1975ರಲ್ಲಿ ಬಿಬಿಸಿ ಮಕ್ಕಳಿಗಾಗಿ ಹತ್ತು ಕಂತಿನಲ್ಲಿ ತೋರಿಸಿದ, ಪೀಟರ್ ಡಿಕಿನ್ಸನ್ ಕಾದಂಬರಿಗಳನ್ನು ಆಧರಿಸಿದ ಧಾರಾವಾಹಿ. ಇದ್ದಕ್ಕಿದ್ದಂತೆ ಇಂಗ್ಲೆಂಡಿನ ಜನಕ್ಕೆ ಯಂತ್ರಗಳೆಂದರೆ ಆಗದಂತಾಗಿ ಎಲ್ಲವನ್ನೂ ಒಡೆದುಹಾಕುತ್ತಾರೆ. ನಿಕಿ ಎಂಬ ಹುಡುಗಿ ಅಪ್ಪ ಅಮ್ಮನಿಂದ ಬೇರಾಗುತ್ತಾಳೆ. ಅವಳನ್ನು ಜೊತೆಗೆ ಸೇರಿಸಿಕೊಳ್ಳುವುದು ಸಿಖ್ ಕುಟುಂಬಗಳ ಒಂದು ಗುಂಪು. ಈ ಹುಚ್ಚು ಅವರಿಗೆ ತಟ್ಟಿಲ್ಲ. ಹಳ್ಳಿಯವರು ಅವರನ್ನು ಸೈತಾನನ ಮಕ್ಕಳೆಂದು ದೂರವಿಡುತ್ತಾರೆ. ವಲಸಿಗರ ವಿರುದ್ಧ ಬೀದಿಯಲ್ಲಿ ಕೂಗಾಟ ನಡೆಯುತ್ತಿದ್ದ ಕಾಲದಲ್ಲಿ, ಸಂಜೆ ತಿಂಡಿಯ ಹೊತ್ತಿಗೆ ಮಕ್ಕಳ ಮುಂದೆ ಇದನ್ನಿಟ್ಟರು. ಎರಡೇ ವರ್ಷಕ್ಕೆ ಐಟಿವಿಯಲ್ಲಿ ‘ಮೈಂಡ್ ಯುವರ್ ಲ್ಯಾಂಗ್ವೇಜ್’ ಬಂತು. ಅದರಲ್ಲೂ ಒಬ್ಬ ಸಿಖ್, ರಂಜಿತ್ ಸಿಂಗ್, ನಗಿಸಲಿಕ್ಕೆ. ನಾವು ಅದನ್ನೇ ತಲೆಯ ಮೇಲೆ ಹೊತ್ತೆವು, ಪಂಕಜ್ ಕಪೂರ್ ನಟಿಸಿದ ‘ಜಬಾನ್ ಸಂಭಾಲ್‌ಕೆ’ಯಾಗಿ ಹಿಂದಿಗೂ ತಂದೆವು. ‘ದಿ ಚೇಂಜಸ್’ ಕೇಳಿದವರು ಇಲ್ಲಿ ಎಷ್ಟು ಜನರಿದ್ದಾರೋ. ನಾನೂ ರಂಜಿತ್ ಸಿಂಗನ ಮಾತಿಗೆ ನಕ್ಕವನೇ. ಆದರೂ ಎರಡರಲ್ಲಿ ದೊಡ್ಡದು ಯಾವುದೆಂದರೆ ಅನುಮಾನವಿಲ್ಲ.

ಮುಖವಿಲ್ಲದ ಮನುಷ್ಯನಿಗೆ ಬರುತ್ತೇನೆ. ಅವನು ‘ಸಫೈರ್ ಅಂಡ್ ಸ್ಟೀಲ್’ನವನು. 1979ರಿಂದ 1982ರವರೆಗೆ ಐಟಿವಿಯಲ್ಲಿ ಬಂದ ಆರು ಕಥೆಗಳು, ಮೂವತ್ತನಾಲ್ಕು ಕಂತು. ಕಥೆಗಳಿಗೆ ಶೀರ್ಷಿಕೆಯೂ ಇರಲಿಲ್ಲ. ಸೃಷ್ಟಿಕರ್ತ ಪಿ. ಜೆ. ಹ್ಯಾಮಂಡ್. ಜೊವಾನಾ ಲಮ್ಲಿ, ಡೇವಿಡ್ ಮೆಕಾಲಮ್ ಜೋಡಿ ಎಲ್ಲಿಂದಲೋ ಬರುತ್ತದೆ. ಅವರು ಯಾರು, ಕಳಿಸಿದವರು ಯಾರು ಎಂಬುದು ಕೊನೆಗೂ ಗೊತ್ತಾಗುವುದಿಲ್ಲ. ಅವರ ಶತ್ರು ಕಾಲ. ಕಾಲ ಒಳನುಗ್ಗುವುದು ಹಳೆಯ ವಸ್ತುಗಳಲ್ಲಿ: ಶಿಶುಗೀತೆ, ಗಡಿಯಾರ, ಫೋಟೊ. ಮುಖವಿಲ್ಲದವನು ಫೋಟೊಗಳೊಳಗೆ ಇರುವವನು. ಹಿಂದಿನ ಕಾಲದ ಮಕ್ಕಳನ್ನು ಚಿತ್ರದಿಂದ ಬಿಡಿಸಿ ಹೊರಗೆ ಬಿಡುತ್ತಾನೆ, ಬದುಕಿರುವವರನ್ನು ಚಿತ್ರದೊಳಗೆ ಸೇರಿಸಿ ಬೆಂಕಿ ಹಚ್ಚುತ್ತಾನೆ. ದುಡ್ಡಿಲ್ಲದ ಧಾರಾವಾಹಿ, ಎರಡು ಮೂರು ಕೋಣೆಯಲ್ಲೇ ಎಲ್ಲವೂ. ಆ ಬಡತನದಿಂದಲೇ ಉಸಿರುಗಟ್ಟುವ ಭಯ ಹುಟ್ಟಿದೆ.

ಹಳೆಯ ಟೀವಿಯ ಅಭಿಮಾನಿಗಳ ಮೇಲೆ ನನ್ನ ತಕರಾರು ಇಲ್ಲಿದೆ. ‘ಅದೆಂಥಾ ಚಿನ್ನದಂಥ ಕಾಲ’ ಎಂದು ಅವರು ನಿಟ್ಟುಸಿರಿಡುತ್ತಾರೆ. ಈ ಕಾರ್ಯಕ್ರಮಗಳು ಆ ಮಾತನ್ನು ಒಪ್ಪುವುದೇ ಇಲ್ಲ. ಇವುಗಳಲ್ಲಿ ಹಳೆಯ ಕಾಲ ಅಜ್ಜಿಮನೆಯಾಗಿ ಬರುವುದಿಲ್ಲ, ಹಲ್ಲು ಮಸೆಯುತ್ತ ಬರುತ್ತದೆ. ಹಳೆಯದನ್ನು ತಬ್ಬಿಕೊಳ್ಳುವವನೇ ಇಲ್ಲಿ ಮೊದಲು ಸಾಯುವುದು.

ನೋಡುವ ಮನಸ್ಸಾದರೆ ‘ಸಫೈರ್ ಅಂಡ್ ಸ್ಟೀಲ್’ನ ಎರಡನೆಯ ಕಥೆಯಿಂದ ಶುರುಮಾಡಿ. ಪಾಳುಬಿದ್ದ ರೈಲ್ವೆ ಸ್ಟೇಷನ್ನು, ಮೊದಲ ಮಹಾಯುದ್ಧದ ಸತ್ತ ಸೈನಿಕ, ಎಂಟು ಕಂತು. ಅದರ ಪ್ರಸಾರದ ನಡುವೆಯೇ ಐಟಿವಿಯಲ್ಲಿ ವಾರಗಟ್ಟಲೆ ಮುಷ್ಕರ ನಡೆದು ತೆರೆ ಖಾಲಿಯಾಗಿತ್ತು. ನಿಮಗೆ ಆ ಕಾಟವಿಲ್ಲ, ಡಿವಿಡಿ ಇದೆ. ಆದರೆ ಒಂದೇ ರಾತ್ರಿ ಎಂಟೂ ಮುಗಿಸಬೇಡಿ. ವಾರಕ್ಕೆ ಎರಡರಂತೆ ನೋಡಲೆಂದೇ ಮಾಡಿದ್ದು ಅದು. ನಡುವಿನ ದಿನಗಳಿಗೂ ಅವಕಾಶ ಕೊಡಿ. ಆರನೆಯ ಕಥೆಯನ್ನು ಮಾತ್ರ ಕಡೆಗೇ ಇಟ್ಟುಕೊಳ್ಳಿ. ನಾಯಕರನ್ನು ಸಿಕ್ಕಿಹಾಕಿಸಿ ಅಲ್ಲಿಗೇ ನಿಲ್ಲುತ್ತದೆ, ಮುಂದಿನ ಭಾಗ ಬರಲೇ ಇಲ್ಲ.