ಸೂತ್ರಕ್ಕೆ ಚೌಕಟ್ಟು: ಗಣಕದಲ್ಲಿ ಸಿದ್ಧವಾಗುವ ಪಾಠಗಳ ಒಂದು ವಿಮರ್ಶೆ

ಪ್ರಾಚೀನ ಗ್ರಂಥಗಳ ಪಾಠವನ್ನು ಗಣಕದ ಕ್ರಮವಿಧಿಯ ಮೂಲಕ ಪಿ.ಡಿ.ಎಫ್. ರೂಪದಲ್ಲಿ ಅಣಿಗೊಳಿಸುವ ಪದ್ಧತಿ ಈಗ ರೂಢವಾಗಿದೆ. ಇಂಥ ಪ್ರತಿಗಳಲ್ಲಿ ಸೂತ್ರವನ್ನು ಅಲಂಕೃತ ಚೌಕಟ್ಟಿನೊಳಗಿರಿಸಿ ಟೀಕೆಯನ್ನು ಹೊರಗೆ ಬಿಡುವುದುಂಟು. ನೋಟಕ್ಕೆ ಇದು ಅಲಂಕಾರ, ಪರಿಣಾಮದಲ್ಲಿ ಪಾಠನಿರ್ಣಯ. ಎಲ್ಲಿಯವರೆಗೆ ಮೂಲಕಾರರ ಮಾತು, ಎಲ್ಲಿಂದ ಟೀಕಾಕಾರರ ಮಾತು ಎಂಬುದನ್ನು ಆ ನಾಲ್ಕು ಗೆರೆಗಳು ತೀರ್ಮಾನಿಸಿಬಿಡುತ್ತವೆ.

ತಾಳೆಗರಿಯ ಸಂಪ್ರದಾಯ ಬೇರೆ. ಮೂಡಬಿದಿರೆಯಲ್ಲಿ ರಕ್ಷಿತವಾಗಿ ಬಂದ ಧವಳಾ ಪ್ರತಿಗಳಲ್ಲಿ ಪುಷ್ಪದಂತ-ಭೂತಬಲಿಗಳ ಸೂತ್ರಗಳೂ ವೀರಸೇನಾಚಾರ್ಯರ ಟೀಕೆಯೂ ಹಳಗನ್ನಡ ಲಿಪಿಯಲ್ಲಿ ಒಂದೇ ಓಟದಲ್ಲಿ ಸಾಗುತ್ತವೆ. ದಾರದ ರಂಧ್ರದ ಸುತ್ತ ಬಿಟ್ಟ ತೆರಪು ಅಕ್ಷರರಕ್ಷಣೆಗಾಗಿ. ಕೆಲವು ಗರಿಗಳಲ್ಲಿ ಚಿತ್ರಗಳೂ ಅಲಂಕರಣಗಳೂ ಇವೆಯಾದರೂ ಅವು ಪಾಠವನ್ನು ವಿಭಜಿಸುವುದಿಲ್ಲ. ಸೂತ್ರವನ್ನು ಬಿಡಿಸಿ ಸಂಖ್ಯೆ ಕೊಟ್ಟುದು ಮುದ್ರಣಕಾಲದ ಸಂಪಾದಕರ ಕಾರ್ಯ.

ಆ ಕಾರ್ಯದ ಗುರುತ್ವವನ್ನು ಸತ್ಪ್ರರೂಪಣೆಯ 93ನೆಯ ಸೂತ್ರ ತೋರಿಸುತ್ತದೆ. 1939ರಲ್ಲಿ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಪ್ರಕಟವಾದ ಮೊದಲ ಸಂಪುಟಕ್ಕೆ ದೊರೆತಿದ್ದ ನಕಲು ಪ್ರತಿಗಳಲ್ಲಿ ಆ ಸೂತ್ರದ ‘ಸಂಜದ’ ಪದವಿರಲಿಲ್ಲ. ಅದು ಇರಬೇಕೆಂದು ಸಂಪಾದಕರು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಮುಂದೆ ಮೂಡಬಿದಿರೆಯ ತಾಳೆಗರಿಗಳಲ್ಲಿ ಆ ಪದ ದೊರೆಯಿತು. ಸೂತ್ರವು ಮನುಷ್ಯಿಣಿಯರ ಗುಣಸ್ಥಾನಗಳಿಗೆ ಸಂಬಂಧಿಸಿದುದಾದ್ದರಿಂದ ವಿದ್ವಾಂಸರಲ್ಲಿ ತೀವ್ರ ಚರ್ಚೆ ನಡೆಯಿತು. ಅಡಿಟಿಪ್ಪಣಿ ಸಂಶಯಕ್ಕೆ ಬಾಗಿಲು ತೆರೆದಿಟ್ಟಿತ್ತು. ಮುಚ್ಚಿದ ಚೌಕಟ್ಟಿನಲ್ಲಿ ಅಂಥ ಬಾಗಿಲಿಲ್ಲ. ಒಳಗಿರುವುದೆಲ್ಲ ಸಿದ್ಧಪಾಠವೆಂದೇ ಓದುಗನು ಗ್ರಹಿಸುತ್ತಾನೆ.

ರಚನೆಯ ದೃಷ್ಟಿಯಿಂದಲೂ ದೋಷಗಳುಂಟು. ಪಿ.ಡಿ.ಎಫ್. ಪುಟದಲ್ಲಿ ಆಯತವೆಂದರೆ ಒಂದು ಮೂಲೆಯ ಸ್ಥಾನ, ಅಗಲ, ಎತ್ತರ ಇಷ್ಟೇ. ಎತ್ತರವನ್ನು ತಿಳಿಯಬೇಕಾದರೆ ಮೊದಲು ಪಾಠವನ್ನು ಸಾಲುಗಳಾಗಿ ಮುರಿದು ಅಳೆಯಬೇಕು. ಬಳಿಕ ಬಣ್ಣ ತುಂಬಿ, ಗೆರೆ ಎಳೆದು, ಕೊನೆಗೆ ಅಕ್ಷರಗಳನ್ನಿಡಬೇಕು. ಹಿಂದೆ ಬರೆದುದನ್ನು ಮುಂದೆ ಬರೆದುದು ಮುಚ್ಚುವುದರಿಂದ ಈ ಕ್ರಮ ತಪ್ಪಿದರೆ ಬಣ್ಣವು ಸೂತ್ರವನ್ನೇ ನುಂಗುತ್ತದೆ. ರೋಮನ್ ಅಕ್ಷರದ ಅಳತೆಗೆ ಹೊಂದಿಸಿದ ಚೌಕಟ್ಟು ಕನ್ನಡಕ್ಕೆ ಒಗ್ಗದು: ಕೆಳಗಿನ ಗೆರೆ ಒತ್ತಕ್ಷರವನ್ನು ಕತ್ತರಿಸುತ್ತದೆ, ಮೇಲಿನದು ಗುಣಿತಚಿಹ್ನೆಯನ್ನು ತಾಕುತ್ತದೆ. ಸಂಯುಕ್ತಾಕ್ಷರಗಳು ಹೆಜ್ಜೆಹೆಜ್ಜೆಗೂ ಬರುವ ಪ್ರಾಕೃತ ಪಾಠದಲ್ಲಿ ಒತ್ತು ಅಳಿದರೆ ಪದವೇ ಬೇರೆಯಾಗುತ್ತದೆ. ದೀರ್ಘ ಸೂತ್ರವು ಮುಂದಿನ ಪುಟಕ್ಕೆ ಹರಿದಾಗ ಎರಡು ಪೂರ್ಣ ಚೌಕಟ್ಟುಗಳನ್ನು ಬರೆದರೆ ಒಂದು ಸೂತ್ರ ಎರಡಾಗಿ ಕಾಣುತ್ತದೆ. ಮೊದಲ ಪುಟದಲ್ಲಿ ಕೆಳಗಿನ ಗೆರೆಯನ್ನೂ ಎರಡನೆಯದರಲ್ಲಿ ಮೇಲಿನ ಗೆರೆಯನ್ನೂ ಬಿಡುವುದು ಯುಕ್ತ.

ಇವೆಲ್ಲಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ಚೌಕಟ್ಟು ಪುಟದ ಮೇಲಿನ ಗೆರೆಯೇ ಹೊರತು ಪಾಠದ ಅಂಗವಲ್ಲ. ಪಿ.ಡಿ.ಎಫ್.ನಿಂದ ಪಾಠವನ್ನು ನಕಲಿಸಿದಾಗ ಅಕ್ಷರಗಳು ಬರುತ್ತವೆ, ಗೆರೆ ಅಲ್ಲಿಯೇ ಉಳಿಯುತ್ತದೆ. ಸೂತ್ರ-ಟೀಕೆಗಳು ಮತ್ತೆ ಬೆರೆತುಹೋಗುತ್ತವೆ. ಬೀದರ ಜಿಲ್ಲೆಯ ಹುಮನಾಬಾದು ಸೀಮೆಯ ಕೊಡಂಬಲದಲ್ಲಿ ಕುಳಿತು ಓದುವ ಜಿಜ್ಞಾಸುವಿಗೆ ಮೂಡಬಿದಿರೆಯ ಭಂಡಾರ ರಾಜ್ಯದ ಇನ್ನೊಂದು ತುದಿ. ಗರಿಯೊಡನೆ ಹೋಲಿಸಲು ಅನುಕೂಲವಿಲ್ಲದ ಅಂಥವನಿಗೆ ಕೈಯಲ್ಲಿರುವ ಪ್ರತಿಯೇ ಪ್ರಮಾಣವಾಗುತ್ತದೆ.

ಆದುದರಿಂದ ಚೌಕಟ್ಟು ತ್ಯಾಜ್ಯವೆಂದಲ್ಲ; ಅದೊಂದೇ ಸಾಕ್ಷಿಯಾಗಬಾರದು. ಸೂತ್ರದ ಆದ್ಯಂತಗಳನ್ನು ಸಂಖ್ಯೆ ಮತ್ತು ದಂಡಗಳ ಮೂಲಕ ಅಕ್ಷರಗಳಲ್ಲಿಯೇ ಗುರುತಿಸಬೇಕು. ಗರಿಯಲ್ಲಿಲ್ಲದ ವಿಭಾಗ ಸಂಪಾದಕರದೆಂದು ಪೀಠಿಕೆಯಲ್ಲಿ ಹೇಳಬೇಕು. ಸಂದಿಗ್ಧ ಪದಕ್ಕೆ ಚೌಕಟ್ಟಿನೊಳಗೇ ಟಿಪ್ಪಣಿಯ ಸಂಖ್ಯೆ ಕೊಡಬೇಕು. ಇಷ್ಟು ನಡೆದ ಮೇಲೆ ಅಂಚಿಗೆ ಬಳ್ಳಿ ಬರೆದರೂ ಹೂ ಬರೆದರೂ ಶ್ರುತಕ್ಕೆ ಹಾನಿಯಿಲ್ಲ.